ಅವಸರದ ಗರ್ಭಕೋಶ

ನನ್ನ ಗರ್ಭಕೋಶದ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯ ಒಂದು ಕಾಲಕ್ಕೆ ಬ್ಯಾಡಗಿಯಲ್ಲಿ ಇರಲಿಲ್ಲ. ಹಾಲು ಹಾಕಲು ಬರುತ್ತಿದ್ದವಳಿಗೆ ಒಂದು ಅಭಿಪ್ರಾಯವಿತ್ತು. ಶಾಲೆಯ ಜವಾನನಿಗೆ ಒಂದಿತ್ತು. ನನ್ನ ಗಂಡನ ದೊಡ್ಡಪ್ಪ ಚನ್ನಬಸಪ್ಪನವರಿಗಂತೂ ವಾರಕ್ಕೊಂದು ಹೊಸದು ಹುಟ್ಟುತ್ತಿತ್ತು. ಮದುವೆಯಾಗದ, ಹೆಂಗಸರ ಮುಖ ನೋಡಿ ಮಾತಾಡಲೂ ನಾಚುವ ಆ ಮನುಷ್ಯ ನನ್ನ ಬಸಿರಿನ ವಿಷಯದಲ್ಲಿ ಮಾತ್ರ ಪಂಡಿತರಾಗಿದ್ದರು.

ಇದನ್ನು ಈಗ ಬರೆಯುತ್ತಿರುವುದು ಆ ಪಂಡಿತರಿಗೆ ಉತ್ತರ ಕೊಡಲಿಕ್ಕಲ್ಲ. ಅವರಲ್ಲಿ ಬಹಳ ಮಂದಿ ಈಗ ಇಲ್ಲ, ಇರುವವರು ಓದುವವರಲ್ಲ. ಆರನೆಯ ತಿಂಗಳಲ್ಲಿ ಹೊಟ್ಟೆ ಕಲ್ಲಾಗಿ, ಗೋಡೆ ಹಿಡಿದು ನಿಂತು, ಇದು ನಾನೇ ಮಾಡಿದ ಯಾವುದೋ ತಪ್ಪಿನ ಫಲ ಎಂದುಕೊಳ್ಳುತ್ತಿರುವವಳು ಎಲ್ಲಾದರೂ ಒಬ್ಬಳಿದ್ದರೆ, ಅವಳಿಗಾಗಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಗಂಡ ಶಿವಾನಂದ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಪ್ರತಿನಿಧಿ. ಬೀಜ ಮೊಳೆಯಲಿಲ್ಲ ಎಂದು ರೈತರು ಬಂದರೆ, ಬೀಜ ಚೆನ್ನಾಗಿಯೇ ಇತ್ತು, ನಿಮ್ಮ ಹೊಲದಲ್ಲೇ ದೋಷವಿದೆ ಎಂದು ನಂಬಿಸಿ ಕಳಿಸುವುದು ಅವರ ಕೆಲಸದ ಮುಖ್ಯ ಭಾಗವಾಗಿತ್ತು. ಅದರಲ್ಲಿ ಅವರು ಎಷ್ಟು ಪಳಗಿದ್ದರೆಂದರೆ ಮನೆಗೆ ಬಂದ ಮೇಲೂ ಅದೇ ಮಾತನ್ನು ಮುಂದುವರಿಸಿದರು.

ಮೊದಲನೆಯ ಬಸಿರು ಆರು ತಿಂಗಳಿಗೆ ಹೋಯಿತು. ಒಂಬತ್ತನೆಯ ಇಯತ್ತೆಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹೊಟ್ಟೆ ಮುಷ್ಟಿ ಹಿಡಿದಂತೆ ಬಿಗಿಯಾಯಿತು, ಬಿಟ್ಟಿತು. ನೋವೇನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಬಿಗಿಯಾಯಿತು. ಗ್ಯಾಸು ಅಂದುಕೊಂಡು ಪಾಠ ಮುಗಿಸಿದೆ. ಸಂಜೆಯೊಳಗೆ ಎಲ್ಲ ಮುಗಿದಿತ್ತು. ಗಂಡು ಮಗು, ಒಂದೆರಡು ಸಲ ಉಸಿರಾಡಿತಂತೆ. ನನಗೆ ತೋರಿಸಲಿಲ್ಲ. ತೋರಿಸಬಾರದೆಂದು ನಿರ್ಧಾರ ಮಾಡಿದವರು ಯಾರು ಎಂದು ಆಮೇಲೆ ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

ಎರಡನೆಯದಕ್ಕೆ ಹಾವೇರಿಯ ದೊಡ್ಡ ಡಾಕ್ಟರು. ಅವರಲ್ಲಿ ದೊಡ್ಡದಾಗಿದ್ದದ್ದು ಹೊರಗಿನ ಬೋರ್ಡು. ಬೆಳಿಗ್ಗೆ ಒಂಬತ್ತಕ್ಕೆ ಚೀಟಿ ಬರೆಸಿ ಕುಳಿತರೆ ಮಧ್ಯಾಹ್ನ ಒಂದಕ್ಕೆ ಕರೆಯುತ್ತಿದ್ದರು. ಬೆಂಚು ಗಂಡಸರಿಗೆ, ನೆಲ ಬಸುರಿಯರಿಗೆ. ಯಾರೂ ಹಾಗೆಂದು ಬರೆದು ಹಾಕಿರಲಿಲ್ಲ, ಆದರೆ ಬೆಂಚಿನಿಂದ ಒಬ್ಬ ಗಂಡಸೂ ಏಳುತ್ತಿರಲಿಲ್ಲ. ಒಳಗೆ ಹೋದರೆ ಡಾಕ್ಟರು ಮಾತಾಡುತ್ತಿದ್ದದ್ದು ನನ್ನ ಗಂಡನ ಜೊತೆ.

"ಇವರು ನೌಕರಿ ಮಾಡ್ತಾರೇನ್ರಿ?"

"ಹೌದ್ರಿ, ಸಾಲ್ಯಾಗ ಟೀಚರ್ ಅದಾಳ್ರಿ."

"ಹೆಂಗ ಹೋಗ್ತಾರ?"

"ಸೈಕಲ್ ಮ್ಯಾಲ್ರಿ."

"ಅದಕ್ಕ ಮತ್ತ!" ಎಂದು ಡಾಕ್ಟರು ಪೆನ್ನು ಕೆಳಗಿಟ್ಟರು. "ಗರ್ಭಕೋಶ ವೀಕ್ ಐತಿ. ಟಾನಿಕ್ ಬರೀತೇನಿ. ಸೈಕಲ್ ಬಿಡಸ್ರಿ."

"ಹೊಟ್ಟಿ ಆವಾಗಾವಾಗ ಬಿಗಿ ಆಗ್ತದ್ರಿ," ಎಂದೆ ನಾನು. ಮೇಜಿನ ಈಚೆಯಿಂದ ಬಂದ ದನಿ ಯಾರದೆಂದು ಅವರಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ನನ್ನ ಗಂಡನನ್ನು ನೋಡಿ, "ಭಾಳ ವಿಚಾರ ಮಾಡ್ತಾರ ಇವರು. ವಿಚಾರ ಮಾಡಬ್ಯಾಡಂತ ಹೇಳ್ರಿ," ಎಂದರು.

ಸೈಕಲ್ ಬಿಟ್ಟೆ. ಟಾನಿಕ್ ಕುಡಿದೆ. ಅದೂ ಆರು ತಿಂಗಳಿಗೇ ಹೋಯಿತು. ಆಗ ಡಾಕ್ಟರು ನನ್ನ ಗಂಡನ ಭುಜ ತಟ್ಟಿ, "ಇರ್ಲಿ ಬಿಡ್ರಿ, ಮತ್ತೊಂದು ಮಾಡ್ಕೊಳ್ರಿ," ಎಂದರಂತೆ. ಕಿಸೆಯಿಂದ ಬಿದ್ದ ಕರ್ಚೀಫಿನ ಬಗ್ಗೆಯೂ ಜನ ಇದಕ್ಕಿಂತ ಹೆಚ್ಚು ಮರುಗುತ್ತಾರೆ.

ಆಮೇಲೆ ಮನೆಯಲ್ಲಿ ಕಾರಣಗಳ ಸಂತೆ ನೆರೆಯಿತು. ಪಪ್ಪಾಯಿ ತಿಂದಿದ್ದೆ. ಗ್ರಹಣದಲ್ಲಿ ಕತ್ತರಿ ಹಿಡಿದಿದ್ದೆ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದ್ದೆ. ಹೆಚ್ಚು ಓದಿದ್ದೆ. ನಾದಿನಿ ಸುವರ್ಣಾ ಎರಡು ಗಂಡು ಹೆತ್ತು ಗೆದ್ದವಳು. ಬಂದು ನನ್ನ ಎದುರಿಗೇ ಕುಳಿತು, "ನಮ್ಮ ಮನಿತನದಾಗ ಹಿಂಗ ಆಗಿಲ್ಲಪಾ, ಅವರ ಕಡೇದ ಇರಬೇಕು," ಎಂದಳು. ನಾನು ಎಲ್ಲರನ್ನೂ ಮನಸ್ಸಿನಲ್ಲೇ ತಿರಸ್ಕರಿಸುತ್ತಿದ್ದೆ. ಆದರೆ ಖರೇ ಹೇಳಬೇಕೆಂದರೆ ಆಗ ನಾನು ಅತ್ಯಂತ ಹೀನವಾಗಿ ಕಂಡದ್ದು ನನ್ನನ್ನೇ. ಮಕ್ಕಳಿಗೆ ವೈಜ್ಞಾನಿಕ ಮನೋಭಾವ ಎಂದು ಬೋರ್ಡಿನ ಮೇಲೆ ಬರೆದು ಗೆರೆ ಎಳೆಯುತ್ತಿದ್ದವಳು ಮನೆಗೆ ಬಂದು ಚನ್ನಬಸಪ್ಪನವರು ಕೊಟ್ಟ ಬೂದಿಯನ್ನು ನೀರಿಗೆ ಹಾಕಿ ಕುಡಿದೆ. ತೋಳಿಗೆ ತಾಯಿತ ಕಟ್ಟಿಸಿಕೊಂಡೆ. ಶಾಲೆಗೆ ಹೋಗುವಾಗ ಅದು ಕಾಣದಂತೆ ಉದ್ದ ತೋಳಿನ ಕುಪ್ಪಸ ಹೊಲಿಸಿಕೊಂಡೆ.

ಮೂರನೆಯ ಸಲ ನಾಲ್ಕು ತಿಂಗಳಾಗಿದ್ದಾಗ ಹಿಂದಿ ಕಲಿಸುವ ವಿಮಲಾ ಅಕ್ಕೋರು ಸ್ಟಾಫ್ ರೂಮಿನಲ್ಲಿ ಮೆಲ್ಲಗೆ ಹೇಳಿದರು. ರಾಣೆಬೆನ್ನೂರಿನಲ್ಲಿ ಒಬ್ಬ ಡಾಕ್ಟರ್ ಬಾಯಾರು ಇದ್ದಾರೆ, ಸಣ್ಣ ದವಾಖಾನೆ, ಸಮಾಧಾನದಿಂದ ಕೇಳುತ್ತಾರೆ. ಶಿವಾನಂದರಿಗೆ ಹೇಳಿದೆ. ಹಾವೇರಿಯ ಡಾಕ್ಟರಿಗೆ ಬೇಜಾರಾಗುತ್ತದೆ ಎಂದರು. ಎರಡು ಮಕ್ಕಳನ್ನು ಕಳಕೊಂಡವಳ ಬೇಜಾರಿಗಿಂತ ಟಾನಿಕ್ ಬರೆದವನ ಬೇಜಾರು ಅವರಿಗೆ ತೂಕವಾಗಿ ಕಂಡಿತು. ರಜಾ ಹಾಕಿ ಒಬ್ಬಳೇ ಪ್ಯಾಸೆಂಜರ್ ಗಾಡಿಗೆ ಹೊರಟೆ. ಬಾಗಿಲಲ್ಲಿ ಅತ್ತೆ ಪಾರ್ವತೆವ್ವ ಸೆರಗು ಹೊದ್ದು, ಚಪ್ಪಲಿ ಮೆಟ್ಟಿ ನಿಂತಿದ್ದಳು.

"ನೀವ್ಯಾಕ ಬರ್ತೀರಿ, ಅತ್ತಿ?"

"ಒಬ್ಬಾಕಿನ್ನ ಹೆಂಗ ಕಳಸ್ಲಿ? ನಡಿ."

ಮಗನಿಗೆ ವರದಿ ಒಪ್ಪಿಸಲು ಬರುತ್ತಿದ್ದಾಳೆ ಎಂದುಕೊಂಡೆ. ಅತ್ತೆ ಕಡಿಮೆ ಮಾತಿನ ಹೆಂಗಸು. ಎರಡೂ ಸಲ ಮಗು ಹೋದಾಗ ನನ್ನನ್ನು ಬೈದವಳಲ್ಲ, ಸಮಾಧಾನ ಮಾಡಿದವಳೂ ಅಲ್ಲ. ಮಾತಿಲ್ಲದ್ದಕ್ಕೆ ನಾನು ಕೊಟ್ಟ ಅರ್ಥ ಒಂದೇ: ಬೈಗುಳ ಒಳಗೆ ಕೂಡಿಡುತ್ತಿದ್ದಾಳೆ.

ಡಾಕ್ಟರ್ ಬಾಯಾರು ಐವತ್ತರ ಆಚೆಯ ಸಣ್ಣ ದೇಹದ ಹೆಂಗಸು. ನನ್ನನ್ನು ಕೂರಿಸಿ ಹೆಸರು ಕೇಳಿದರು, ಹಿಂದಿನ ಎರಡೂ ಬಸಿರಿನ ಸಂಗತಿ ಹೇಳಿಸಿ ಬರೆದುಕೊಂಡರು. ಆಮೇಲೆ ಕೇಳಿದರು, "ಗಿರಿಜಾ, ಹೊಟ್ಟಿ ಬಿಗಿ ಆತು ಅಂದ್ರೆಲ್ಲ, ನಿಮಗ ಹೆಂಗ ಅನ್ನಸ್ತು? ಅವಸರಿಲ್ಲ, ಹೇಳ್ರಿ." ಮೂರು ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಮೊದಲ ವ್ಯಕ್ತಿ ಆಕೆ. ನಾನು ಹೇಳಬೇಕೆಂದು ಬಾಯಿ ತೆರೆದೆ, ಅಳು ಬಂತು. ಆಕೆ ಕಾದರು.

ನನ್ನ ಕೆಲಸ ತಿಳಿದಿದ್ದರಿಂದ ಬಿಡಿಸಿ ಹೇಳಿದರು. ಗರ್ಭಕೋಶ ಅಂದರೆ ಸ್ನಾಯು. ಅದರ ಕೋಶಗಳು ಬಸಿರಿನುದ್ದಕ್ಕೂ ಒಂದರ ಪಕ್ಕ ಒಂದು ಇದ್ದರೂ ಒಂದಕ್ಕೊಂದು ಹೆಚ್ಚು ಮಾತಾಡುವುದಿಲ್ಲ. ಹಾಗೆ ಸುಮ್ಮನಿರಿಸುವುದು ಒಂದು ಹಾರ್ಮೋನು. ದಿನ ತುಂಬಿದಾಗ ಅದರ ಹಿಡಿತ ಸಡಿಲವಾಗುತ್ತದೆ, ಬೇರೆ ಹಾರ್ಮೋನುಗಳ ಕೈ ಮೇಲಾಗುತ್ತದೆ. ಆಗ ಕೋಶ ಕೋಶದ ನಡುವೆ ಸಣ್ಣ ಸಣ್ಣ ದಾರಿಗಳು ತೆರೆಯುತ್ತವೆ. ಒಂದಕ್ಕೆ ತಟ್ಟಿದ ಸುದ್ದಿ ಎಲ್ಲಕ್ಕೂ ಮುಟ್ಟಿ, ಎಲ್ಲವೂ ಒಟ್ಟಿಗೆ ಜಗ್ಗುತ್ತವೆ. ಅದೇ ಹೆರಿಗೆ ನೋವು.

"ನಿಮ್ಮಲ್ಲಿ ಆ ಮಾತುಕತಿ ಮೂರು ತಿಂಗಳು ಮೊದಲ ಶುರು ಆಗಾಕತ್ತೇತಿ. ಸುಮ್ಮನಿರಸೋ ಹಾರ್ಮೋನು ವಾರಕ್ಕೊಂದು ಸೂಜಿ ಹಾಕೋಣ. ಉಪಯೋಗ ಆಗಬಹುದು."

"ಯಾಕ ಮೊದಲ ಶುರು ಆಗ್ತದ್ರಿ?"

"ಗೊತ್ತಿಲ್ರಿ. ನನಗೂ ಗೊತ್ತಿಲ್ಲ, ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ."

ಅಷ್ಟು ವರ್ಷ ಎಲ್ಲರಿಗೂ ಎಲ್ಲ ಗೊತ್ತಿತ್ತು. ಗೊತ್ತಿಲ್ಲ ಎಂದ ಮೊದಲ ಬಾಯಿ ಇದು. ಆ ಕ್ಷಣದಿಂದ ನಾನು ಆಕೆಯನ್ನು ನಂಬಿದೆ.

ಮೂಲೆಯ ಸ್ಟೂಲಿನ ಮೇಲಿದ್ದ ಅತ್ತೆ ಆಗ ಬಾಯಿ ಬಿಟ್ಟಳು. "ಸೈಕಲ್ ಹೊಡದದ್ದಕ್ಕ ಆಗಿಲ್ಲೇನ್ರಿ, ಬಾಯಾರ?"

"ಇಲ್ರಿ."

"ಪಪ್ಪಾಯಿ?"

"ಇಲ್ರಿ."

"ಮನಸಿನ್ಯಾಗ ಏನರ ಕೆಟ್ಟ ವಿಚಾರ ಮಾಡಿದ್ರ?"

"ಯವ್ವಾ, ಆಕೀ ಏನೂ ತಪ್ಪು ಮಾಡಿಲ್ಲ," ಎಂದರು ಡಾಕ್ಟರು.

ಅತ್ತೆ ಹಿಂದಿರುಗುವ ಗಾಡಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತವಳು ಬ್ಯಾಡಗಿ ಬರುವವರೆಗೂ ತಿರುಗಲಿಲ್ಲ. ಸಿಟ್ಟಿಗೆದ್ದಿದ್ದಾಳೆ ಎಂದುಕೊಂಡೆ. ಮನುಷ್ಯರನ್ನು ಓದುವುದರಲ್ಲಿ ನಾನೇನೂ ಹಾವೇರಿಯ ಡಾಕ್ಟರಿಗಿಂತ ಮೇಲಾಗಿರಲಿಲ್ಲ.

ಸೂಜಿ ಹಾಕಲು ನಮ್ಮ ಓಣಿಯ ಕಂಪೌಂಡರ್ ಬರುತ್ತಿದ್ದ. ಎಣ್ಣೆಯಂಥ ಮಂದ ಔಷಧ, ಸೊಂಟದ ಕೆಳಗೆ ಹಾಕಿದರೆ ಎರಡು ದಿನ ಆ ಮಗ್ಗುಲಿಗೆ ಮಲಗುವಂತಿರಲಿಲ್ಲ. "ಇಂಥಾ ಸೂಜಿ ಎಷ್ಟೋ ನೋಡೀನ್ರಿ ಅಕ್ಕೋರ, ಇದರಿಂದ ಏನೂ ಆಗೂದಿಲ್ಲ," ಎಂದು ಹೇಳಿಯೇ ಹಾಕುತ್ತಿದ್ದ. ಮೂರನೆಯ ವಾರದಿಂದ ಅತ್ತೆ ಅವನು ಬರುವ ಮೊದಲೇ ಔಷಧದ ಶೀಶೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಕೂರತೊಡಗಿದಳು. ಬೆಚ್ಚಗಾದರೆ ಎಣ್ಣೆ ತೆಳ್ಳಗಾಗಿ ಸಲೀಸಾಗಿ ಇಳಿಯುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೋವು ಅರ್ಧಕ್ಕೆ ಇಳಿಯಿತು. ನಾನು ಥ್ಯಾಂಕ್ಸ್ ಅನ್ನಲಿಲ್ಲ, ಅವಳು ಅದನ್ನು ನಿರೀಕ್ಷಿಸಲೂ ಇಲ್ಲ.

ಐದನೆಯ ತಿಂಗಳಿಗೆ ಪೂರ್ತಿ ಮಲಗಬೇಕಾಯಿತು. ಮಂಚದ ಕಾಲ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದರು. ಹೆಡ್‌ಮಾಸ್ತರರು ರಜಾ ಅರ್ಜಿ ನೋಡಿ, ಹೆಂಗಸರನ್ನು ತಗೊಂಡರೆ ಇದೇ ಹಣೆಬರಹ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರಂತೆ. ಅದು ಹೆಣ್ಣುಮಕ್ಕಳ ಶಾಲೆ ಎಂಬುದು ಅವರ ನೆನಪಿನಲ್ಲಿ ಇರಲಿಲ್ಲವೆಂದು ತೋರುತ್ತದೆ. ಸುವರ್ಣಾ ಬಂದು, "ನಮಗೂ ಹಿಂಗ ಮಕ್ಕೊಂಡಿರಾಕ ಸಿಕ್ಕಿದ್ರ ಏನ್ ಚೈನಿ ಇತ್ತು," ಎಂದಳು. ತಲೆ ಕೆಳಗೆ, ಕಾಲು ಮೇಲೆ ಮಾಡಿಕೊಂಡು ಸೂರಿನ ಹಲಗೆ ನೋಡುವುದರಲ್ಲಿ ಇರುವ ಚೈನಿಯನ್ನು ಅವಳಿಗೆ ಬಿಟ್ಟುಕೊಡಲು ನಾನು ಸಿದ್ಧಳಿದ್ದೆ.

ಆರು ತಿಂಗಳು ದಾಟಿತು. ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ, ಎಣಿಸುತ್ತಿದ್ದವರು ಮಾತ್ರ ಎಲ್ಲರೂ.

ಏಳನೆಯ ತಿಂಗಳ ನಡುವೆ ಮೆಣಸಿನಕಾಯಿ ಸುಗ್ಗಿ ಬಂತು. ಆ ದಿನಗಳಲ್ಲಿ ಬ್ಯಾಡಗಿಯಲ್ಲಿ ಗಾಳಿಯೇ ಕಾರ. ಊರಿಗೆ ಊರೇ ಸೀನುತ್ತ, ಕೆಮ್ಮುತ್ತ ಓಡಾಡುತ್ತದೆ. ಒಂದು ಮಧ್ಯಾಹ್ನ ನನಗೂ ಕೆಮ್ಮು ಹತ್ತಿತು, ಅದು ನಿಂತರೂ ಹೊಟ್ಟೆ ಸಡಿಲವಾಗಲಿಲ್ಲ. ಬಿಗಿಯಾಯಿತು, ಬಿಟ್ಟಿತು, ಮತ್ತೆ ಬಿಗಿಯಾಯಿತು. ಗೋಡೆಯ ಗಡಿಯಾರ ನೋಡಿದೆ. ಹತ್ತು ನಿಮಿಷಕ್ಕೊಮ್ಮೆ.

ಶಿವಾನಂದರು ಟೂರಿನಲ್ಲಿದ್ದರು. ಮನೆಯಲ್ಲಿದ್ದ ಗಂಡಸು ಚನ್ನಬಸಪ್ಪನವರು ಪಂಚಾಂಗ ತೆಗೆದರು.

"ಈಗ ರಾಹುಕಾಲ ಐತಿ. ಒಂದೂವರಿ ತಾಸು ತಡೀರಿ, ಆಮ್ಯಾಲೆ ಹೊರಡಬಹುದು."

ಅತ್ತೆ ಅವರ ಎದುರು ತಲೆಯ ಮೇಲಿನ ಸೆರಗು ಜಾರಲು ಬಿಟ್ಟವಳಲ್ಲ. ಅವತ್ತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಭಾವಾರ, ರಾಹುಕಾಲ ನೀವ ಇಟ್ಕೊಳ್ರಿ. ಗಾಡಿ ಸಿಗ್ತದೇನು ನೋಡ್ರಿ, ಇಲ್ಲಂದ್ರ ದಾರಿ ಬಿಡ್ರಿ," ಎಂದಳು. ಅವರು ದಾರಿ ಬಿಟ್ಟರು. ಗಾಡಿ ಹುಡುಕಿದ್ದೂ ಅತ್ತೆಯೇ.

ಸಿಕ್ಕಿದ್ದು ಮೆಣಸಿನಕಾಯಿ ಚೀಲ ಇಳಿಸಿ ರಾಣೆಬೆನ್ನೂರಿಗೆ ಮರಳುತ್ತಿದ್ದ ಟೆಂಪೋ. ಹಿಂದೆ ಗಾದಿ ಹಾಸಿ ನನ್ನನ್ನು ಮಲಗಿಸಿದರು. ಎಷ್ಟು ಗುಡಿಸಿದರೂ ಕಾರದ ಪುಡಿ ಹೋಗಿರಲಿಲ್ಲ. ಪ್ರತಿ ತಗ್ಗಿಗೂ ಪುಡಿ ಏಳುವುದು, ಕೆಮ್ಮು ಬರುವುದು, ಕೆಮ್ಮಿದರೆ ಹೊಟ್ಟೆ ಬಿಗಿಯುವುದು. ಅತ್ತೆ ತನ್ನ ಸೆರಗನ್ನು ನೀರಲ್ಲಿ ತೋಯಿಸಿ ನನ್ನ ಮೂಗಿನ ಮೇಲೆ ಹಿಡಿದು, ತಾನು ಮಾತ್ರ ಕಣ್ಣು ಮೂಗು ಸುರಿಸುತ್ತ ಕುಳಿತಳು. ಈ ಮಗುವೂ ಹೋದರೆ ಮರಳಿ ಆ ಮನೆಗೆ ಹೋಗುವುದಿಲ್ಲ ಎಂದು ನಾನು ಆ ಟೆಂಪೋದಲ್ಲಿ ನಿರ್ಧರಿಸಿದ್ದೆ. ಎಲ್ಲಿಗೆ ಹೋಗುವುದು ಎಂಬುದನ್ನು ಮಾತ್ರ ನಿರ್ಧರಿಸಿರಲಿಲ್ಲ.

ಡಾಕ್ಟರು ಸಲಾಯಿನ್ ಹಚ್ಚಿ, ಅದರಲ್ಲಿ ಗರ್ಭಕೋಶವನ್ನು ಸಡಿಲಿಸುವ ಔಷಧ ಬೆರೆಸಿದರು. ಎದೆ ಓಡುವ ಕುದುರೆಯಂತೆ ಹೊಡೆದುಕೊಂಡಿತು. ಕೈ ನಡುಗಿ ಲೋಟ ಹಿಡಿಯಲಾಗಲಿಲ್ಲ. ಆದರೆ ಹತ್ತು ನಿಮಿಷ ಇಪ್ಪತ್ತಾಯಿತು, ಇಪ್ಪತ್ತು ಒಂದು ತಾಸಾಯಿತು. ಮರುದಿನ ಬೆಳಿಗ್ಗೆ ಹೊಟ್ಟೆ ಮೆತ್ತಗಿತ್ತು. ಒಳಗೆ ಒಂದು ಕಾಲು ಒದೆಯಿತು.

ಅಲ್ಲಿಯೇ ಉಳಿಯಬೇಕಾಯಿತು. ಎರಡನೆಯ ವಾರ ಪಕ್ಕದ ಮಂಚಕ್ಕೆ ಗುತ್ತಲದ ಕಡೆಯ ಹುಡುಗಿ ಯಲ್ಲವ್ವ ಬಂದಳು. ಇಪ್ಪತ್ತು ತುಂಬಿರಲಿಲ್ಲ. ದಿನ ಮೀರಿ ಹತ್ತು ದಿನವಾದರೂ ಅವಳಿಗೆ ನೋವೇ ಬಂದಿರಲಿಲ್ಲ. ನನ್ನದನ್ನು ಸುಮ್ಮನಿರಿಸಲು ಒಂದು ಬಾಟಲಿ, ಅವಳದನ್ನು ಎಬ್ಬಿಸಲು ಒಂದು ಬಾಟಲಿ. "ನಿಮ್ಮದು ಸ್ವಲ್ಪ ನನಗ ಕೊಡ್ರಿ, ಅಕ್ಕೋರ," ಎಂದು ಆ ಹುಡುಗಿ ನಗುತ್ತಿದ್ದಳು. ಅವಳ ಅತ್ತೆಗೆ ನಗು ಬರುತ್ತಿರಲಿಲ್ಲ. ಸೊಸೆ ಸೋಮಾರಿ, ಅದಕ್ಕೆ ಅವಳ ಹೊಟ್ಟೆಯೂ ಸೋಮಾರಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ನನ್ನ ಗರ್ಭಕೋಶಕ್ಕೆ ಅವಸರ, ಅವಳದಕ್ಕೆ ಆಲಸ್ಯ. ಬೈಯುವವರಿಗೆ ಎರಡೂ ನಡೆಯುತ್ತಿತ್ತು.

ಯಲ್ಲವ್ವ ಮರುದಿನ ಮಧ್ಯಾಹ್ನ ಹೆತ್ತಳು, ಗಂಡು. ಮಂಚಕ್ಕೆ ತಂದು ಮಲಗಿಸಿದರು. ಸ್ವಲ್ಪ ಹೊತ್ತಿಗೆ ಅವಳ ಮುಖ ಬಿಳಿಚಿತು. ಹಾಸಿಗೆಯ ಬಟ್ಟೆ ಕೆಂಪಾಯಿತು. ಹೆತ್ತ ಮೇಲೆ ಕುಗ್ಗಿ ಗಟ್ಟಿಯಾಗಬೇಕಾದ ಗರ್ಭಕೋಶ ಕುಗ್ಗುತ್ತಿರಲಿಲ್ಲ. ಡಾಕ್ಟರು ಓಡಿ ಬಂದು, ಸೂಜಿ ಚುಚ್ಚಿಸಿ, ಹಿಟ್ಟು ನಾದುವವರಂತೆ ಅವಳ ಹೊಟ್ಟೆಯನ್ನು ಒತ್ತತೊಡಗಿದರು. ಅವರ ಎರಡೂ ಕೈ ಅಲ್ಲಿದ್ದವು, ನರ್ಸು ಬಾಟಲಿ ಬದಲಿಸುತ್ತಿದ್ದಳು.

"ಕೂಸಿನ್ನ ಎದಿಗೆ ಹಚ್ಚರಿ! ಅದು ಚೀಪಿದ್ರ ಗರ್ಭಕೋಶ ಕುಗ್ಗತದ. ಲಗೂ!"

ಕೂಸು ಅವಳ ಅತ್ತೆಯ ತೊಡೆಯ ಮೇಲಿತ್ತು. ಆ ಹೆಂಗಸು ಅದನ್ನು ಇನ್ನೂ ಬಿಗಿಯಾಗಿ ಅವಚಿಕೊಂಡಳು. "ಮೂರು ದಿನ ಮೊಲಿ ಕೊಡಾಂಗಿಲ್ರಿ ನಮ್ಮಲ್ಲಿ. ಮೊದಲಿನ ಹಾಲು ಕೆಟ್ಟದ್ದು."

ನಾನು ಮಂಚದಿಂದ ಏಳುವಂತಿರಲಿಲ್ಲ. ಮೂರು ವರ್ಷ ಒಳಗೇ ಇಟ್ಟುಕೊಂಡಿದ್ದದ್ದೆಲ್ಲ ಬಾಯಿಗೆ ಬಂತು. "ಆಕೀ ಸಾಯಾಕತ್ಯಾಳ, ನಿನಗ ಕಣ್ಣು ಕಾಣವಲ್ಲವೇನು? ಹಾಲು ಕೆಟ್ಟದ್ದಂತ! ಕೆಟ್ಟದ್ದು ನಿನ್ನ ಬುದ್ಧಿ! ಕೊಡು ಕೂಸಿನ್ನ!" ಎಂದು ಕೂಗಿದೆ. ಆ ಹೆಂಗಸು ನನ್ನ ಮೇಲೆ ತಿರುಗಿ ಕೂಗಿದಳು. ಕೂಗಿನಿಂದ ಕೂಸು ಇನ್ನೂ ಅತ್ತಿತು, ಆದದ್ದು ಅಷ್ಟೇ.

ಆಗ ನನ್ನ ಅತ್ತೆ ಎದ್ದು ಹೋಗಿ ಆ ಹೆಂಗಸಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. "ಏ ತಂಗಿ, ನಿನ್ನ ಮಗಗ ಇನ್ನೊಂದು ಹೇಣ್ತಿ ತರಬಹುದು. ಈ ಕೂಸಿಗೆ ಇನ್ನೊಬ್ಬಾಕಿ ತಾಯಿ ಎಲ್ಲಿಂದ ತರ್ತಿ?" ಎಂದಳು, ಮೆಲ್ಲಗೆ. ಉತ್ತರಕ್ಕೆ ಕಾಯದೆ ಎರಡೂ ಕೈ ಒಡ್ಡಿ ಕೂಸನ್ನು ಎತ್ತಿಕೊಂಡು ಯಲ್ಲವ್ವನ ಎದೆಗೆ ಹಚ್ಚಿದಳು. ಬಾಯಿ ಜಾರಿತು, ಮತ್ತೆ ಹಚ್ಚಿದಳು. ಕೂಸು ಹಿಡಿಯಿತು. ಡಾಕ್ಟರ ಕೈ ಒತ್ತುತ್ತಲೇ ಇತ್ತು. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಅವರು, "ಗಟ್ಟಿ ಆಗಾಕತ್ತೇತಿ," ಎಂದರು.

ಸೂಜಿಯಿಂದಾಯಿತೋ, ಕೈಯಿಂದಾಯಿತೋ, ಕೂಸಿನ ಬಾಯಿಂದಾಯಿತೋ, ಮೂರೂ ಸೇರಿಯೋ. ಯಲ್ಲವ್ವ ಎಂಟು ದಿನಕ್ಕೆ ನಡೆದುಕೊಂಡು ಮನೆಗೆ ಹೋದಳು. ಅವಳ ಅತ್ತೆ ಬಾಗಿಲಲ್ಲಿ ಎಲ್ಲರಿಗೂ ಹೇಳುತ್ತಿದ್ದಳು, ಮನೆದೇವರಿಗೆ ತಾನು ಹರಕೆ ಹೊತ್ತದ್ದರಿಂದ ಸೊಸೆ ಉಳಿದಳೆಂದು.

ನನ್ನ ಮಗಳು ದಿನ ತುಂಬಲು ಮೂರು ವಾರ ಇರುವಾಗ ಹುಟ್ಟಿದಳು. ಸಣ್ಣವಳು, ಆದರೆ ದವಾಖಾನೆ ತುಂಬ ಕೇಳುವಂತೆ ಅತ್ತಳು. ಚನ್ನಬಸಪ್ಪನವರು, "ಹೆಣ್ಣಾ?" ಎಂದರು, ಎರಡಕ್ಷರದಲ್ಲಿ ಅವರ ಪಾಂಡಿತ್ಯ ಮುಗಿಯಿತು. ಕಂಪೌಂಡರ್ ತನ್ನ ಕೈಗುಣ ಎಂದ. ಶಿವಾನಂದರು ತೊಟ್ಟಿಲ ಹತ್ತಿರ ನಿಂತು, "ಎಲ್ಲಾ ಸರಿ ಹೋಗ್ತದಂತ ನಾ ಮೊದಲ ಹೇಳಿದ್ನೆಲ್ಲ," ಎಂದರು. ಅವರು ಹಾಗೆ ಎಂದೂ ಹೇಳಿರಲಿಲ್ಲ. ಮಗುವಿನ ಬೆರಳು ಹಿಡಿದಾಗ ಅವರ ಕಣ್ಣು ತುಂಬಿದ್ದನ್ನು ನೋಡಿ, ಜಗಳವಾಡುವುದನ್ನು ಆ ದಿನದ ಮಟ್ಟಿಗೆ ಬಿಟ್ಟೆ.

ಮೂರನೆಯ ದಿನ ಅತ್ತೆ ಒಬ್ಬಳೇ ನನ್ನ ಹತ್ತಿರ ಇದ್ದಳು. ಮಗು ಹಾಲು ಕುಡಿಯುತ್ತಿತ್ತು, ಕುಡಿದಂತೆ ಹೊಟ್ಟೆಯೊಳಗೆ ಹಿಂಡಿದ ಹಾಗಾಗಿ ನಾನು ತುಟಿ ಕಚ್ಚಿದೆ.

"ನೋಯ್ತದೇನು?"

"ಹ್ಞೂಂ. ಕುಗ್ಗಾಕತ್ತೇತಿ."

ಅವಳು ಮಂಚದ ಹತ್ತಿರಕ್ಕೆ ಸರಿದಳು. "ನಂದೂ ಹೋಗಿದ್ವು ಗಿರಿಜಾ. ಶಿವು ಹುಟ್ಟೂಕಿಂತ ಮೊದಲ. ಮೂರು."

ನಾನು ತಲೆ ಎತ್ತಿ ನೋಡಿದೆ. ನಮ್ಮ ಮನೆತನದಲ್ಲಿ ಹೀಗೆ ಆಗಿಲ್ಲ ಎಂದು ಸುವರ್ಣಾ ಹೇಳಿದ ದಿನ ಈಕೆ ಅಲ್ಲೇ ಬಾಗಿಲ ಬಳಿ ಕುಳಿತು ಅಕ್ಕಿ ಆರಿಸುತ್ತಿದ್ದಳು.

"ಯಾರಿಗೂ ಹೇಳಿಲ್ಲೇನು?"

"ನಮ್ಮತ್ತಿ ಬಾಯಿ ಮುಚ್ಚು ಅಂದ್ಲು. ಮುಚ್ಚಿದೆ. ಮೊದಲ್ನೇ ಬಸರಾಗ ಒಂದು ದಿನ ಬಾವ್ಯಾಗ ನೀರು ಸೇದಿದ್ದೆ, ಅದಕ್ಕ ಎಲ್ಲಾ ಹೋದ್ವು ಅಂದ್ಲು. ನಾ ಹೌದಂತ ತಿಳಕೊಂಡಿದ್ದೆ. ಅವತ್ತ ಬಾಯಾರು ಹೇಳೂತನ್ಕ."

ರೈಲಿನ ಕಿಟಕಿಯ ಕಡೆ ತಿರುಗಿದ್ದ ಮುಖ ಆಗ ಅರ್ಥವಾಯಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಕೊಡ ನೀರಿನ ತಪ್ಪನ್ನು ಹೊತ್ತುಕೊಂಡಿದ್ದ ಹೆಂಗಸನ್ನು ನಾನು ಗೂಢಚಾರಳು ಎಂದುಕೊಂಡಿದ್ದೆ. ಆ ಊರಿನಲ್ಲಿ ನಾನು ತಿರಸ್ಕರಿಸಿದವರ ಪಟ್ಟಿ ಉದ್ದವಿತ್ತು, ಬಹುಪಾಲು ಸರಿಯಾಗಿಯೇ ಇತ್ತು. ಒಂದು ಹೆಸರನ್ನು ಮಾತ್ರ ತಪ್ಪಾಗಿ ಬರೆದುಕೊಂಡಿದ್ದೆ.

ಮಗಳಿಗೆ ಎಂಟು ತಿಂಗಳಾಗಿದ್ದಾಗ ಒಂದು ಭಾನುವಾರ ಅತ್ತೆ ಹಿಂದಿನ ಓಣಿಯ ಹೊಸ ಸೊಸೆಯೊಬ್ಬಳನ್ನು ಕೈ ಹಿಡಿದು ಕರಕೊಂಡು ಬಂದಳು. ಐದು ತಿಂಗಳಿನದು ಹೋಗಿ ಹದಿನೈದು ದಿನವಾಗಿತ್ತಂತೆ. ಹುಡುಗಿ ತಲೆ ಎತ್ತಲಿಲ್ಲ. ಕಟ್ಟೆಯ ಮೇಲೆ ಮುದುಡಿ ಕುಳಿತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಇಕೀಗೆ ಹೇಳು," ಎಂದಳು ಅತ್ತೆ. "ಆ ಕೋಶದ್ದು, ಮಾತಾಡೂದು, ಎಲ್ಲಾ ಹೇಳು."

ನಾನು ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತಿದ್ದಾಗ ಹುಡುಗಿಯೇ ಕೇಳಿದಳು, ಕೇಳಿಸದಷ್ಟು ಸಣ್ಣ ದನಿಯಲ್ಲಿ. "ಅಟ್ಟ ಹತ್ತಿದ್ದೆರಿ, ಅಕ್ಕೋರ. ಅದಕ್ಕ ಆತಲ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅವಳ ಪಕ್ಕಕ್ಕೆ ಕುಳಿತು, ಅವಳ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಡಿಸಿದಳು.

"ಅಲ್ಲ," ಎಂದಳು.